ಲೈನ್‌ಟೈಪ್ (ಕ್ಯಾಡ್ ತಂತ್ರಾಂಶ)

ಲೈನ್‌ಟೈಪ್ ಅಥವಾ ಗೆರೆಮಾದರಿ ಎಂದರೆ ಗಣಕಯಂತ್ರದ ನೆರವಿನಿಂದ ನಕ್ಷೆ ರಚಿಸುವ ಕ್ಯಾಡ್ ತಂತ್ರಾಂಶಗಳಲ್ಲಿ ಒಂದು ಗೆರೆಯು ಹೇಗೆ ಕಾಣಬೇಕೆಂಬುದನ್ನು ನಿರ್ಧರಿಸುವ ಗುಣಲಕ್ಷಣವಾಗಿದೆ. ಅಖಂಡ ಗೆರೆಯನ್ನು ಬಿಟ್ಟರೆ ಉಳಿದ ಎಲ್ಲ ಗೆರೆಮಾದರಿಗಳೂ ಗೀಟು, ತೆರಪು ಮತ್ತು ಚುಕ್ಕೆಗಳ ಪುನರಾವರ್ತನೆಯಿಂದ ರೂಪುಗೊಳ್ಳುತ್ತವೆ. ಇಂತಹ ತುಂಡುಗೆರೆಗಳಲ್ಲಿ ಕೆಲವು ತಂತ್ರಾಂಶದೊಂದಿಗೇ ಬರುತ್ತವೆ. ಅವು ಸಾಲದಿದ್ದಾಗ ನಕ್ಷೆಗಾರರು ಸರಳ ಪಠ್ಯ ಕಡತವೊಂದರಲ್ಲಿ ಕೆಲವು ಅಂಕಿಗಳನ್ನು ಬರೆದು ಸ್ವಂತ ಮಾದರಿಯನ್ನು ರಚಿಸಿಕೊಳ್ಳಬಹುದು. ತಾಂತ್ರಿಕ ನಕ್ಷೆಯಲ್ಲಿ ಗೆರೆಯ ಮಾದರಿಯೇ ಅರ್ಥವನ್ನು ಸೂಚಿಸುವುದರಿಂದ, ತುಂಡುಗೆರೆಯು ಮುದ್ರಣದಲ್ಲಿ ಅಖಂಡ ಗೆರೆಯಾಗಿ ಕಂಡರೆ ನಕ್ಷೆಯ ಅರ್ಥವೇ ಬದಲಾಗುತ್ತದೆ.

ಈ ಲೇಖನದಲ್ಲಿ ಆಜ್ಞೆಗಳನ್ನೂ ಕಡತದ ಮಾದರಿಗಳನ್ನೂ ಕನ್ನಡ ಲಿಪಿಯಲ್ಲಿ ಬರೆಯಲಾಗಿದೆ. ತಂತ್ರಾಂಶದಲ್ಲಿ ಬಳಸುವಾಗ ಅವುಗಳ ಅಕ್ಷರಗಳನ್ನು ರೋಮನ್ ಲಿಪಿಯಲ್ಲಿಯೇ ಬರೆಯಬೇಕು.

ಗೆರೆಗಳ ಅರ್ಥ

ಯಂತ್ರಭಾಗದ ನಕ್ಷೆಯಲ್ಲಿ ಕಣ್ಣಿಗೆ ಕಾಣುವ ಅಂಚನ್ನು ದಪ್ಪನೆಯ ಅಖಂಡ ಗೆರೆಯಿಂದಲೂ, ವಸ್ತುವಿನ ಹಿಂದೆ ಅಥವಾ ಒಳಗೆ ಮರೆಯಾಗಿರುವ ಅಂಚನ್ನು ತುಂಡುಗೆರೆಯಿಂದಲೂ ತೋರಿಸಲಾಗುತ್ತದೆ. ತೂತು, ಶಾಫ್ಟ್ ಮೊದಲಾದ ಸಮಮಿತ ಭಾಗಗಳ ಮಧ್ಯರೇಖೆಯನ್ನು ಉದ್ದ ಗೀಟು ಹಾಗೂ ಚುಕ್ಕೆಗಳ ಗೆರೆಯಿಂದ ಸೂಚಿಸುತ್ತಾರೆ. ಚಲಿಸುವ ಭಾಗದ ಬೇರೊಂದು ಸ್ಥಾನವನ್ನು ಉದ್ದ ಗೀಟು ಹಾಗೂ ಎರಡು ಚುಕ್ಕೆಗಳ ಗೆರೆಯಿಂದ ತೋರಿಸುವುದು ರೂಢಿ. ಕಾರ್ಖಾನೆಗಳಲ್ಲಿ ಇವನ್ನು ಕ್ರಮವಾಗಿ ಹಿಡನ್ ಲೈನ್, ಸೆಂಟರ್ ಲೈನ್ ಮತ್ತು ಫ್ಯಾಂಟಮ್ ಲೈನ್ ಎಂದೇ ಕರೆಯುತ್ತಾರೆ.

ಈ ಸಂಪ್ರದಾಯವು ಅಂತಾರಾಷ್ಟ್ರೀಯ ಮಾನಕವಾದ ಐಎಸ್‌ಓ 128ರಲ್ಲಿ ಕ್ರೋಡೀಕೃತವಾಗಿದೆ. 1996ರಲ್ಲಿ ಪ್ರಕಟವಾದ ಅದರ 20ನೇ ಭಾಗವು ಗೆರೆಗಳ ಮೂಲಭೂತ ನಿಯಮಗಳನ್ನು ವಿವರಿಸಿತು. ಭಾರತೀಯ ಮಾನಕ ಬ್ಯೂರೋ ಇದನ್ನು ಐಎಸ್ 10714ರ 20ನೇ ಭಾಗವಾಗಿ ಅಂಗೀಕರಿಸಿದೆ. ಶಾಲಾ ಕಾಲೇಜುಗಳಿಗಾಗಿ ಬ್ಯೂರೋ ಪ್ರಕಟಿಸಿದ ಎಸ್‌ಪಿ 46 ಎಂಬ ಕೈಪಿಡಿಯಲ್ಲಿಯೂ ಈ ಗೆರೆಗಳ ವಿವರಣೆ ದೊರೆಯುತ್ತದೆ.

ಐಎಸ್‌ಓ ನಿಯಮದಲ್ಲಿ ಗೀಟು ಮತ್ತು ತೆರಪುಗಳ ಉದ್ದವನ್ನು ಗೆರೆಯ ದಪ್ಪದ ಗುಣಕವಾಗಿ ನೀಡಲಾಗಿದೆ:

- ಚುಕ್ಕೆ: ದಪ್ಪದ ಅರ್ಧ ಅಥವಾ ಅದಕ್ಕಿಂತ ಕಡಿಮೆ
- ತೆರಪು: ದಪ್ಪದ 3 ಪಟ್ಟು
- ಗಿಡ್ಡ ಗೀಟು: ದಪ್ಪದ 6 ಪಟ್ಟು
- ಗೀಟು: ದಪ್ಪದ 12 ಪಟ್ಟು
- ಉದ್ದ ಗೀಟು: ದಪ್ಪದ 24 ಪಟ್ಟು

ಉದಾಹರಣೆಗೆ, 0.35 ಮಿ.ಮೀ. ದಪ್ಪದ ತುಂಡುಗೆರೆಯಲ್ಲಿ ಗೀಟು 4.2 ಮಿ.ಮೀ., ತೆರಪು 1.05 ಮಿ.ಮೀ. ಇರುತ್ತದೆ. 0.25 ಮಿ.ಮೀ. ದಪ್ಪದ ಮಧ್ಯರೇಖೆಯಲ್ಲಿ ಉದ್ದ ಗೀಟು 6 ಮಿ.ಮೀ. ಆಗುತ್ತದೆ. ಗೆರೆ ತೆಳುವಾದಂತೆ ಗೀಟು ಮತ್ತು ತೆರಪುಗಳು ಅದೇ ಅನುಪಾತದಲ್ಲಿ ಕಿರಿದಾಗುವುದರಿಂದ ಗೆರೆಯ ಗುರುತು ಕೆಡುವುದಿಲ್ಲ.

ಹಿನ್ನೆಲೆ

ಕ್ಯಾಡ್ ತಂತ್ರಾಂಶ ಬರುವ ಮುನ್ನ ತುಂಡುಗೆರೆಗಳನ್ನು ಡ್ರಾಯಿಂಗ್ ಬೋರ್ಡಿನ ಮೇಲೆ ಟಿ-ಸ್ಕ್ವೇರ್ ಮತ್ತು ಸೆಟ್ ಸ್ಕ್ವೇರ್‌ಗಳನ್ನಿಟ್ಟು, ಪೆನ್ಸಿಲ್ ಅಥವಾ ಶಾಯಿ ಪೆನ್ನಿನಿಂದ ಕೈಯಲ್ಲಿಯೇ ಎಳೆಯಲಾಗುತ್ತಿತ್ತು. ಗೀಟಿನ ಉದ್ದವು ನಕ್ಷೆಗಾರನ ಕಣ್ಣಳತೆಯನ್ನು ಅವಲಂಬಿಸಿತ್ತು. ಎರಡು ತುಂಡುಗೆರೆಗಳು ಸೇರುವಲ್ಲಿ ಗೀಟುಗಳೇ ಪರಸ್ಪರ ಮುಟ್ಟಬೇಕು, ತೆರಪು ಬರಬಾರದು ಎಂಬಂತಹ ನಿಯಮಗಳು ಅಭ್ಯಾಸದಿಂದ ಬರುತ್ತಿದ್ದವು.

ಆಟೋಡೆಸ್ಕ್ ಸಂಸ್ಥೆಯ ಆಟೋಕ್ಯಾಡ್ 1982ರಲ್ಲಿ ಬಿಡುಗಡೆಯಾಯಿತು. ವೈಯಕ್ತಿಕ ಗಣಕಯಂತ್ರಗಳಲ್ಲಿ ನಡೆಯುತ್ತಿದ್ದ ಈ ತಂತ್ರಾಂಶವು ಕ್ರಮೇಣ ಸಣ್ಣ ಕಾರ್ಖಾನೆ ಹಾಗೂ ವಾಸ್ತುಶಿಲ್ಪ ಕಚೇರಿಗಳನ್ನೂ ತಲುಪಿತು. ಅದರ ಗೆರೆಮಾದರಿಗಳು 'ಲಿನ್' ಎಂಬ ವಿಸ್ತರಣೆಯುಳ್ಳ ಪಠ್ಯ ಕಡತಗಳಲ್ಲಿವೆ. ಅಂಗುಲದ ನಕ್ಷೆಗಳಿಗೆ 'ಅಕ್ಯಾಡ್' ಹಾಗೂ ಮೆಟ್ರಿಕ್ ನಕ್ಷೆಗಳಿಗೆ 'ಅಕ್ಯಾಡ್ಐಸೊ' ಎಂಬ ಹೆಸರಿನ ಎರಡು ಕಡತಗಳು ತಂತ್ರಾಂಶದೊಂದಿಗೆ ಬರುತ್ತವೆ. ಒಂದೇ ಹೆಸರಿನ ಮಾದರಿಗೆ ಈ ಎರಡರಲ್ಲಿ ಬೇರೆ ಬೇರೆ ಅಳತೆಗಳಿರುತ್ತವೆ. 'ಡ್ಯಾಶ್ಡ್' ಎಂಬ ಮಾದರಿಯ ಗೀಟು ಮೊದಲನೆಯದರಲ್ಲಿ 0.5, ಎರಡನೆಯದರಲ್ಲಿ 12.7 ಆಗಿದೆ. ಅರ್ಧ ಅಂಗುಲವೆಂದರೆ 12.7 ಮಿ.ಮೀ. ಎಂಬುದೇ ಇದಕ್ಕೆ ಕಾರಣ.

ಲಿನ್ ಕಡತದ ರಚನೆ

ಲಿನ್ ಕಡತದಲ್ಲಿ ಪ್ರತಿಯೊಂದು ಗೆರೆಮಾದರಿಗೂ ಎರಡು ಸಾಲುಗಳಿರುತ್ತವೆ. ಮೊದಲ ಸಾಲು ನಕ್ಷತ್ರ ಚಿಹ್ನೆಯಿಂದ ಆರಂಭವಾಗುತ್ತದೆ. ಆ ಚಿಹ್ನೆಯ ನಂತರ ಮಾದರಿಯ ಹೆಸರು, ಅಲ್ಪವಿರಾಮ, ಕಿರು ವಿವರಣೆ ಬರುತ್ತವೆ. ವಿವರಣೆಯು 47 ಅಕ್ಷರಗಳನ್ನು ಮೀರಬಾರದು. ಎರಡನೆಯ ಸಾಲು 'ಎ' ಎಂಬ ಜೋಡಣೆಯ ಸಂಕೇತದಿಂದ ಆರಂಭವಾಗಿ, ಅಲ್ಪವಿರಾಮಗಳಿಂದ ಬೇರ್ಪಡಿಸಿದ ಅಂಕಿಗಳನ್ನು ಒಳಗೊಂಡಿರುತ್ತದೆ. ಅಂಕಿಗಳ ಅರ್ಥ ಹೀಗಿದೆ:

- ಧನ ಸಂಖ್ಯೆ: ಅಷ್ಟು ಉದ್ದದ ಗೀಟು
- ಋಣ ಸಂಖ್ಯೆ: ಅಷ್ಟು ಉದ್ದದ ತೆರಪು
- ಸೊನ್ನೆ: ಚುಕ್ಕೆ

ಮೆಟ್ರಿಕ್ ಕಡತದಲ್ಲಿರುವ ಐಎಸ್‌ಓ ತುಂಡುಗೆರೆಯ ಎರಡನೆಯ ಸಾಲು ಇಷ್ಟೇ:

ಎ,12,-3

12 ಏಕಮಾನಗಳ ಗೀಟು ಮತ್ತು 3 ಏಕಮಾನಗಳ ತೆರಪು ಗೆರೆಯುದ್ದಕ್ಕೂ ಮರುಕಳಿಸಬೇಕೆಂಬುದು ಇದರ ಅರ್ಥ. ಈ ಅಂಕಿಗಳು 1 ಮಿ.ಮೀ. ದಪ್ಪದ ಗೆರೆಗೆ ಹೊಂದುವಂತಿವೆ. 0.5 ಮಿ.ಮೀ. ದಪ್ಪದ ಗೆರೆಗೆ ಬಳಸುವಾಗ ಪ್ರಮಾಣವನ್ನು ಅರ್ಧಕ್ಕೆ ಇಳಿಸಬೇಕಾಗುತ್ತದೆ.

ಸರಳ ಮಾದರಿಯಲ್ಲಿ ಮೊದಲ ಅಂಕಿ ಸೊನ್ನೆ ಅಥವಾ ಧನ ಸಂಖ್ಯೆಯಾಗಿರಬೇಕು, ಎರಡನೆಯದು ಋಣ ಸಂಖ್ಯೆಯಾಗಿರಬೇಕು. ಒಂದು ಮಾದರಿಯಲ್ಲಿ ಹೆಚ್ಚೆಂದರೆ 12 ಅಂಕಿಗಳನ್ನು ನೀಡಬಹುದು, ಅವು 80 ಅಕ್ಷರಗಳ ಒಂದೇ ಸಾಲಿನಲ್ಲಿ ಅಡಕವಾಗಬೇಕು. ಅರ್ಧವಿರಾಮ ಚಿಹ್ನೆಯಿಂದ ಆರಂಭವಾಗುವ ಸಾಲನ್ನು ತಂತ್ರಾಂಶವು ಟಿಪ್ಪಣಿಯೆಂದು ಭಾವಿಸಿ ಬಿಟ್ಟುಬಿಡುತ್ತದೆ.

'ಎ' ಜೋಡಣೆಯಿಂದಾಗಿ ಗೆರೆಯ ಎರಡೂ ತುದಿಗಳಲ್ಲಿ ಗೀಟು ಬರುತ್ತದೆ. ಅಗತ್ಯವಿದ್ದರೆ ತಂತ್ರಾಂಶವು ಮೊದಲ ಹಾಗೂ ಕೊನೆಯ ಗೀಟುಗಳನ್ನು ಹಿಗ್ಗಿಸಿ ಮಾದರಿಯನ್ನು ಗೆರೆಯ ಉದ್ದಕ್ಕೆ ಹೊಂದಿಸುತ್ತದೆ. ಮಾದರಿಯ ಒಂದು ಆವರ್ತನೆಗೂ ಸಾಲದಷ್ಟು ಗೆರೆ ಗಿಡ್ಡವಾಗಿದ್ದರೆ ಅದನ್ನು ಅಖಂಡ ಗೆರೆಯಾಗಿಯೇ ಎಳೆಯುತ್ತದೆ.

ಸ್ವಂತ ಮಾದರಿಯ ಅಗತ್ಯ: ಬೊಮ್ಮನಹಳ್ಳಿಯ ಉದಾಹರಣೆ

ಯಂತ್ರಭಾಗಗಳ ನಕ್ಷೆಗೆ ಮಾನಕ ಗೆರೆಗಳು ಬಹುತೇಕ ಸಾಕಾಗುತ್ತವೆ. ನಿವೇಶನ, ರಸ್ತೆ ಹಾಗೂ ನಾಗರಿಕ ಸೌಲಭ್ಯಗಳ ನಕ್ಷೆಗಳಲ್ಲಿ ಮಾತ್ರ ಅವು ಬೇಗನೆ ಮುಗಿದುಹೋಗುತ್ತವೆ. ಬೆಂಗಳೂರಿನ ಆಗ್ನೇಯ ಭಾಗದ ಬೊಮ್ಮನಹಳ್ಳಿ ಇದಕ್ಕೆ ಒಳ್ಳೆಯ ಉದಾಹರಣೆ. ನಗರಸಭೆಯಾಗಿದ್ದ ಈ ಪ್ರದೇಶವು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ಇಲ್ಲಿ ಹಾದುಹೋಗುವ ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯವರೆಗಿನ ಸುಮಾರು 10 ಕಿ.ಮೀ. ಮೇಲ್ಸೇತುವೆ 2010ರಲ್ಲಿ ಬಳಕೆಗೆ ಬಂದಿತು. ನಮ್ಮ ಮೆಟ್ರೋದ ಹಳದಿ ಮಾರ್ಗವು 2025ರ ಆಗಸ್ಟ್‌ನಲ್ಲಿ ಆರಂಭವಾಯಿತು. ಇಂತಹ ರಸ್ತೆಯ ಒಂದು ಹಾಳೆಯಲ್ಲಿ ಕುಡಿಯುವ ನೀರಿನ ಕೊಳವೆ, ಒಳಚರಂಡಿ, ಮಳೆನೀರು ಚರಂಡಿ, ವಿದ್ಯುತ್ ಕೇಬಲ್, ಅನಿಲ ಕೊಳವೆ, ದೂರಸಂಪರ್ಕದ ಕೇಬಲ್ ಮತ್ತು ಮೇಲಿನ ರಚನೆಗಳ ಅಂಚುಗಳನ್ನು ಒಂದರಿಂದೊಂದು ಬೇರೆಯಾಗಿ ಕಾಣುವಂತೆ ತೋರಿಸಬೇಕಾಗುತ್ತದೆ. ಬಣ್ಣದ ವ್ಯತ್ಯಾಸವು ಕಪ್ಪುಬಿಳುಪು ನೆರಳಚ್ಚಿನಲ್ಲಿ ಅಳಿಸಿಹೋಗುತ್ತದೆ, ಗೆರೆಮಾದರಿಯ ವ್ಯತ್ಯಾಸ ಉಳಿಯುತ್ತದೆ.

ರಾಜಕಾಲುವೆಗಳ ಮೀಸಲು ಪ್ರದೇಶವನ್ನು ತೋರಿಸುವ ಗೆರೆಗೆ ಇನ್ನೂ ಹೆಚ್ಚಿನ ಮಹತ್ವವಿದೆ. 2007ರಲ್ಲಿ ಅನುಮೋದನೆಗೊಂಡ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ-2015 ಪ್ರಾಥಮಿಕ ಕಾಲುವೆಗೆ 50 ಮೀಟರ್, ದ್ವಿತೀಯ ಕಾಲುವೆಗೆ 25 ಮೀಟರ್ ಮತ್ತು ತೃತೀಯ ಕಾಲುವೆಗೆ 15 ಮೀಟರ್ ಮೀಸಲನ್ನು ಕಾಲುವೆಯ ಮಧ್ಯರೇಖೆಯಿಂದ ಅಳೆಯುವಂತೆ ಗೊತ್ತುಪಡಿಸಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಮೇ ತಿಂಗಳಲ್ಲಿ ಇದನ್ನು ಕ್ರಮವಾಗಿ 50, 35 ಮತ್ತು 25 ಮೀಟರ್‌ಗೆ ಬದಲಿಸಿ, ಕಾಲುವೆಯ ಅಂಚಿನಿಂದ ಅಳೆಯಲು ಆದೇಶಿಸಿತು. ಸರ್ವೋಚ್ಚ ನ್ಯಾಯಾಲಯವು 2019ರ ಮಾರ್ಚ್‌ನಲ್ಲಿ ಈ ಬದಲಾವಣೆಯನ್ನು ರದ್ದುಪಡಿಸಿತು. ಹೀಗಾಗಿ ಈ ಅವಧಿಯ ನಕ್ಷೆಯೊಂದನ್ನು ಓದುವವರಿಗೆ ಕಾಲುವೆಯ ಮಧ್ಯರೇಖೆ ಯಾವುದು, ಕಾಲುವೆಯ ಅಂಚು ಯಾವುದು, ಮೀಸಲಿನ ಎಲ್ಲೆ ಯಾವುದು ಎಂಬುದು ಸಂಶಯವಿಲ್ಲದೆ ತಿಳಿಯಬೇಕು. 2016ರ ಆಗಸ್ಟ್‌ನಲ್ಲಿ ಬೊಮ್ಮನಹಳ್ಳಿ ವಲಯದ ಅವನಿ ಶೃಂಗೇರಿ ನಗರದಲ್ಲಿ ಹಳೆಯ ಗ್ರಾಮನಕ್ಷೆಗಳ ಕಾಲುವೆಯ ಜಾಡನ್ನು ಆಧರಿಸಿ ಮನೆಗಳನ್ನು ತೆರವುಗೊಳಿಸಲಾಯಿತು. ನಕ್ಷೆಯ ಗೆರೆಯೊಂದು ಜನರ ವಸತಿಯನ್ನು ನಿರ್ಧರಿಸಬಲ್ಲದೆಂಬುದಕ್ಕೆ ಈ ಘಟನೆ ನಿದರ್ಶನವಾಗಿದೆ.

ರಚನೆಯ ಕ್ರಮ

ಮೀಸಲು ಪ್ರದೇಶದ ಎಲ್ಲೆಗೆ ಒಂದು ಉದ್ದ ಗೀಟು ಮತ್ತು ಎರಡು ಗಿಡ್ಡ ಗೀಟುಗಳ ಮಾದರಿ ಬೇಕೆಂದು ಭಾವಿಸೋಣ. ಮುದ್ರಿತ ಹಾಳೆಯ ಮೇಲೆ ಉದ್ದ ಗೀಟು 10 ಮಿ.ಮೀ., ಗಿಡ್ಡ ಗೀಟು 3 ಮಿ.ಮೀ. ಹಾಗೂ ತೆರಪು 2 ಮಿ.ಮೀ. ಇರಬೇಕಾದರೆ ಕಡತದಲ್ಲಿ ಹೀಗೆ ಬರೆಯಬೇಕು:

*ಮೀಸಲು_ಎಲ್ಲೆ,ಕಾಲುವೆ ಮೀಸಲು ____ _ _ ____ _ _
ಎ,10,-2,3,-2,3,-2

ಒಂದು ಆವರ್ತನೆಯ ಒಟ್ಟು ಉದ್ದ 22 ಏಕಮಾನಗಳು. ಇದನ್ನು ಬಳಕೆಗೆ ತರುವ ಹಂತಗಳು ಹೀಗಿವೆ:

1. ನೋಟ್‌ಪ್ಯಾಡ್‌ನಂತಹ ಸರಳ ಪಠ್ಯ ಸಂಪಾದಕದಲ್ಲಿ ಈ ಎರಡು ಸಾಲುಗಳನ್ನು ಬರೆದು, ಕಡತವನ್ನು ಲಿನ್ ವಿಸ್ತರಣೆಯೊಂದಿಗೆ ಉಳಿಸಬೇಕು. ತಂತ್ರಾಂಶದ ಮೂಲ ಕಡತವನ್ನು ತಿದ್ದುವ ಬದಲು ಪ್ರತ್ಯೇಕ ಕಡತವನ್ನು ಇಟ್ಟುಕೊಳ್ಳುವುದು ಸುರಕ್ಷಿತ.
2. ನಕ್ಷೆಯಲ್ಲಿ 'ಲೈನ್‌ಟೈಪ್' ಆಜ್ಞೆ ನೀಡಿ, 'ಲೋಡ್' ಗುಂಡಿಯನ್ನು ಒತ್ತಿ, ಆ ಕಡತದಿಂದ ಮಾದರಿಯನ್ನು ಆರಿಸಬೇಕು.
3. ಮಾದರಿಯನ್ನು ಪ್ರತ್ಯೇಕ ಲೇಯರ್‌ಗೆ ನಿಗದಿಪಡಿಸಬೇಕು. ಆ ಲೇಯರ್‌ನಲ್ಲಿ 'ಬೈ ಲೇಯರ್' ಗುಣದೊಂದಿಗೆ ಎಳೆದ ಎಲ್ಲ ಗೆರೆಗಳೂ ಅದೇ ಮಾದರಿಯನ್ನು ಪಡೆಯುತ್ತವೆ.
4. ಕಡತದ ಅಂಕಿಗಳನ್ನು ನಂತರ ಬದಲಿಸಿದರೆ ಮಾದರಿಯನ್ನು ಮತ್ತೊಮ್ಮೆ ಲೋಡ್ ಮಾಡಬೇಕು. ಇಲ್ಲವಾದರೆ ನಕ್ಷೆಯಲ್ಲಿ ಹಳೆಯ ಮಾದರಿಯೇ ಉಳಿಯುತ್ತದೆ.
5. ಹಾಳೆಯ ಸೂಚಿಪಟ್ಟಿಯಲ್ಲಿ ಗೆರೆಯ ತುಣುಕನ್ನೂ ಅದರ ಅರ್ಥವನ್ನೂ ತೋರಿಸಬೇಕು. ಮಾನಕದಲ್ಲಿಲ್ಲದ ಗೆರೆಯನ್ನು ಓದುಗರು ಸೂಚಿಪಟ್ಟಿಯಿಂದಲೇ ತಿಳಿಯಬೇಕಾಗುತ್ತದೆ.

ಕಡತ ಬರೆಯದೆಯೂ ಮಾದರಿಯನ್ನು ರಚಿಸಬಹುದು. ಆಟೋಕ್ಯಾಡ್‌ನ ಎಕ್ಸ್‌ಪ್ರೆಸ್ ಟೂಲ್ಸ್ ಗುಂಪಿನಲ್ಲಿರುವ 'ಮೇಕ್ ಲೈನ್‌ಟೈಪ್' ಸಲಕರಣೆಯು, ಪರದೆಯ ಮೇಲೆ ಎಳೆದ ಒಂದು ಆವರ್ತನೆಯ ಗೀಟು ಮತ್ತು ಚುಕ್ಕೆಗಳನ್ನು ಆಯ್ದು ತಾನೇ ಲಿನ್ ಕಡತಕ್ಕೆ ಬರೆಯುತ್ತದೆ.

ಪ್ರಮಾಣ

ಹೊಸದಾಗಿ ರಚಿಸಿದ ತುಂಡುಗೆರೆಯು ಅಖಂಡವಾಗಿ ಕಾಣುವುದಕ್ಕೆ ಸಾಮಾನ್ಯ ಕಾರಣ ಪ್ರಮಾಣದ ವ್ಯತ್ಯಾಸ. ಮಾದರಿಯ ಅಂಕಿಗಳನ್ನು ನಕ್ಷೆಯ ಏಕಮಾನಗಳಿಗೆ ಹೊಂದಿಸುವ ಗುಣಕವನ್ನು 'ಎಲ್‌ಟಿ ಸ್ಕೇಲ್' ಎನ್ನುತ್ತಾರೆ. ಇದು ನಕ್ಷೆಯ ಎಲ್ಲ ಗೆರೆಗಳಿಗೂ ಅನ್ವಯಿಸುತ್ತದೆ. ಒಂದೊಂದು ಗೆರೆಗೂ ಪ್ರತ್ಯೇಕ ಪ್ರಮಾಣವನ್ನು ನೀಡಬಹುದು. ಹಾಗೆ ನೀಡಿದಾಗ ಎರಡೂ ಗುಣಕಗಳ ಗುಣಲಬ್ಧವು ಅನ್ವಯವಾಗುತ್ತದೆ.

ಮೇಲಿನ ಮಾದರಿಯನ್ನು 1:500 ಪ್ರಮಾಣದಲ್ಲಿ ಮುದ್ರಿಸುವ ನಿವೇಶನ ನಕ್ಷೆಯಲ್ಲಿ ಬಳಸಿದಾಗ ಲೆಕ್ಕ ಹೀಗಾಗುತ್ತದೆ:

- ನಕ್ಷೆಯ ಏಕಮಾನ ಮಿಲಿಮೀಟರ್ ಆಗಿದ್ದರೆ ಎಲ್‌ಟಿ ಸ್ಕೇಲ್ 500 ಇರಬೇಕು. ಅದು 1 ಆಗಿಯೇ ಉಳಿದರೆ 10 ಮಿ.ಮೀ. ಗೀಟು ಹಾಳೆಯ ಮೇಲೆ 0.02 ಮಿ.ಮೀ.ಗೆ ಕುಗ್ಗಿ, ಗೆರೆ ಅಖಂಡವಾಗಿ ಕಾಣುತ್ತದೆ.
- ನಕ್ಷೆಯ ಏಕಮಾನ ಮೀಟರ್ ಆಗಿದ್ದರೆ ಎಲ್‌ಟಿ ಸ್ಕೇಲ್ 0.5 ಇರಬೇಕು. ಆಗ ಗೀಟು ನೆಲದ ಮೇಲಿನ 5 ಮೀಟರ್‌ಗೆ, ಎಂದರೆ ಹಾಳೆಯ ಮೇಲಿನ 10 ಮಿ.ಮೀ.ಗೆ ಸಮವಾಗುತ್ತದೆ. ತಪ್ಪಿ 500 ಎಂದು ಕೊಟ್ಟರೆ ಒಂದು ಗೀಟು 5 ಕಿ.ಮೀ. ಉದ್ದವಾಗುತ್ತದೆ. ಒಂದು ಆವರ್ತನೆಯೂ ಹಿಡಿಸದ ಕಾರಣ ಗೆರೆ ಮತ್ತೆ ಅಖಂಡವಾಗಿಯೇ ಕಾಣುತ್ತದೆ.

ಪ್ರಮಾಣ ತೀರ ಕಡಿಮೆಯಾದರೂ ತೀರ ಹೆಚ್ಚಾದರೂ ಪರಿಣಾಮ ಒಂದೇ ಆಗಿರುವುದರಿಂದ, ದೋಷ ಯಾವ ದಿಕ್ಕಿನಲ್ಲಿದೆ ಎಂಬುದನ್ನು ಗೆರೆಯನ್ನು ನೋಡಿದ ಮಾತ್ರಕ್ಕೆ ತಿಳಿಯಲಾಗದು. ಗೆರೆಯನ್ನು ಬಹಳ ಹಿಗ್ಗಿಸಿ ನೋಡಿದಾಗ ಗೀಟುಗಳು ಕಂಡರೆ ಪ್ರಮಾಣ ಕಡಿಮೆಯಾಗಿದೆ ಎಂದರ್ಥ.

ಮುದ್ರಣದ ಹಾಳೆಯನ್ನು ಸಿದ್ಧಪಡಿಸುವ ಪೇಪರ್ ಸ್ಪೇಸ್‌ನಲ್ಲಿ 'ಪಿಎಸ್ ಎಲ್‌ಟಿ ಸ್ಕೇಲ್' ಎಂಬ ಚರದ ಬೆಲೆ 1 ಆಗಿದ್ದರೆ, ಗೀಟಿನ ಉದ್ದವು ಹಾಳೆಯ ಏಕಮಾನದಲ್ಲಿ ಲೆಕ್ಕವಾಗುತ್ತದೆ. ಆಗ ಎಲ್‌ಟಿ ಸ್ಕೇಲ್ ಅನ್ನು 1ಕ್ಕೆ ಇಟ್ಟರೆ ಸಾಕು. 1:500 ಮತ್ತು 1:100ರ ಎರಡು ನೋಟಗಳು ಒಂದೇ ಹಾಳೆಯಲ್ಲಿದ್ದರೂ ಎರಡರಲ್ಲಿಯೂ ಗೀಟುಗಳು ಸಮನಾಗಿ ಕಾಣುತ್ತವೆ.

ತಿರುವುಗಳುಳ್ಳ ಗೆರೆಗಳಲ್ಲಿ ಇನ್ನೊಂದು ತೊಡಕಿದೆ. ರಾಜಕಾಲುವೆಯ ಅಂಕುಡೊಂಕಾದ ಅಂಚನ್ನು ಸರ್ವೇ ಬಿಂದುಗಳನ್ನು ಜೋಡಿಸಿ ಪಾಲಿಲೈನ್ ಆಗಿ ಎಳೆದಾಗ, ಮಾದರಿಯು ಪ್ರತಿ ಬಿಂದುವಿನಲ್ಲಿಯೂ ಹೊಸದಾಗಿ ಆರಂಭವಾಗುತ್ತದೆ. ಬಿಂದುಗಳು ಹತ್ತಿರ ಹತ್ತಿರವಿದ್ದರೆ ಯಾವ ತುಣುಕಿನಲ್ಲಿಯೂ ಒಂದು ಆವರ್ತನೆ ಹಿಡಿಸದೆ, ಪ್ರಮಾಣ ಸರಿಯಿದ್ದರೂ ಗೆರೆ ಅಖಂಡವಾಗಿ ಕಾಣುತ್ತದೆ. 'ಪಿಲೈನ್ ಜೆನ್' ಎಂಬ ಚರವನ್ನು 1ಕ್ಕೆ ಬದಲಿಸಿ ಎಳೆದರೆ ಮಾದರಿಯು ಬಿಂದುಗಳನ್ನು ಲೆಕ್ಕಿಸದೆ ಪಾಲಿಲೈನಿನ ಉದ್ದಕ್ಕೂ ಹರಿಯುತ್ತದೆ. ಈಗಾಗಲೇ ಎಳೆದಿರುವ ಪಾಲಿಲೈನಿಗೆ ಅದರ ಗುಣಲಕ್ಷಣಗಳ ಪಟ್ಟಿಯಲ್ಲಿ ಈ ಬದಲಾವಣೆ ಮಾಡಬಹುದು.

ಅಕ್ಷರ ಮತ್ತು ಆಕೃತಿಗಳುಳ್ಳ ಮಾದರಿಗಳು

ಗೀಟುಗಳ ನಡುವೆ ಅಕ್ಷರ ಅಥವಾ ಸಣ್ಣ ಆಕೃತಿಗಳನ್ನು ಸೇರಿಸಿದ ಮಾದರಿಗಳನ್ನು ಸಂಕೀರ್ಣ ಲೈನ್‌ಟೈಪ್ ಎನ್ನುತ್ತಾರೆ. ಅನಿಲ ಕೊಳವೆ, ಬಿಸಿನೀರಿನ ಕೊಳವೆ, ಬೇಲಿ ಮತ್ತು ರೈಲು ಹಳಿಯ ಮಾದರಿಗಳು ಆಟೋಕ್ಯಾಡ್‌ನೊಂದಿಗೇ ಬರುತ್ತವೆ. ಅಕ್ಷರದ ವಿವರವನ್ನು ಚೌಕ ಆವರಣದೊಳಗೆ ಬರೆಯಲಾಗುತ್ತದೆ:

*ಅನಿಲ_ಕೊಳವೆ,ಅನಿಲ ಕೊಳವೆ ---- ಜಿ ---- ಜಿ ----
ಎ,12,-3,["ಜಿ",ಸ್ಟ್ಯಾಂಡರ್ಡ್,ಎಸ್=2,ಯು=0,ಎಕ್ಸ್=-1,ವೈ=-1],-3

ಇಲ್ಲಿ 'ಸ್ಟ್ಯಾಂಡರ್ಡ್' ಎಂಬುದು ಅಕ್ಷರಶೈಲಿಯ ಹೆಸರು, 'ಎಸ್' ಅಕ್ಷರದ ಎತ್ತರ. 'ಎಕ್ಸ್' ಮತ್ತು 'ವೈ' ಅಕ್ಷರವನ್ನು ತೆರಪಿನ ನಡುವೆ ಕೂರಿಸುವ ಸರಿತಗಳು. 'ಯು' ಎಂಬ ಸಂಕೇತವು ಗೆರೆಯನ್ನು ಯಾವ ದಿಕ್ಕಿನಿಂದ ಎಳೆದರೂ ಅಕ್ಷರ ತಲೆಕೆಳಗಾಗದಂತೆ ನೋಡಿಕೊಳ್ಳುತ್ತದೆ. ಅದರ ಬದಲು 'ಆರ್' ಬಳಸಿದರೆ, ಬಲದಿಂದ ಎಡಕ್ಕೆ ಎಳೆದ ಗೆರೆಯಲ್ಲಿ ಅಕ್ಷರವು ತಲೆಕೆಳಗಾಗಿ ಬರುತ್ತದೆ. ಆಟೋಕ್ಯಾಡ್‌ನ ಸಾಂಪ್ರದಾಯಿಕ ಎಸ್‌ಎಚ್‌ಎಕ್ಸ್ ಅಕ್ಷರ ಕಡತಗಳಲ್ಲಿ ಕನ್ನಡ ಅಕ್ಷರಗಳಿಲ್ಲ. ಆದುದರಿಂದ ಇಂತಹ ಮಾದರಿಗಳಲ್ಲಿ ರೋಮನ್ ಲಿಪಿಯ ಸಂಕ್ಷಿಪ್ತ ರೂಪವನ್ನು ಬಳಸಿ, ಪೂರ್ಣ ಅರ್ಥವನ್ನು ಸೂಚಿಪಟ್ಟಿಯಲ್ಲಿ ನೀಡಬಹುದು.

ನಕ್ಷೆಯ ಹಂಚಿಕೆ ಮತ್ತು ಕಾರ್ಖಾನೆಯ ಬಳಕೆ

ಸರಳ ಮಾದರಿಯನ್ನು ಒಮ್ಮೆ ಲೋಡ್ ಮಾಡಿದ ಬಳಿಕ ಅದರ ವಿವರವು ನಕ್ಷೆಯ ಕಡತದಲ್ಲಿಯೇ ಉಳಿಯುತ್ತದೆ. ನಕ್ಷೆಯನ್ನು ಪಡೆದವರ ಬಳಿ ಲಿನ್ ಕಡತವಿಲ್ಲದಿದ್ದರೂ ಗೆರೆ ಸರಿಯಾಗಿ ಕಾಣುತ್ತದೆ. ಆಕೃತಿಗಳುಳ್ಳ ಮಾದರಿಯ ವಿಷಯ ಹಾಗಲ್ಲ. ಅದಕ್ಕೆ ಸಂಬಂಧಿಸಿದ ಆಕೃತಿ ಕಡತವನ್ನೂ ಕಳುಹಿಸಬೇಕು. ಅದಿಲ್ಲದಿದ್ದರೆ ಗೆರೆಯು ಆಕೃತಿಗಳಿಲ್ಲದೆ ಕಾಣಿಸಿಕೊಂಡು, ಬೇಲಿಯ ಗೆರೆಗೂ ಬೇರೊಂದು ತುಂಡುಗೆರೆಗೂ ವ್ಯತ್ಯಾಸ ತಿಳಿಯದಂತಾಗಬಹುದು. ಸಂಬಂಧಿತ ಕಡತಗಳನ್ನು ಒಟ್ಟುಗೂಡಿಸುವ 'ಈ-ಟ್ರಾನ್ಸ್‌ಮಿಟ್' ಆಜ್ಞೆ ಹಾಗೂ ಜೊತೆಗೆ ಕಳುಹಿಸುವ ಪಿಡಿಎಫ್ ಪ್ರತಿ ಇಂತಹ ಗೊಂದಲವನ್ನು ತಪ್ಪಿಸುತ್ತವೆ.

ಪೀಣ್ಯ, ಬೊಮ್ಮಸಂದ್ರ ಮೊದಲಾದ ಕೈಗಾರಿಕಾ ಪ್ರದೇಶಗಳಲ್ಲಿ ನಕ್ಷೆಯನ್ನು ರಚಿಸುವವರು ಒಂದೆಡೆ, ಅದನ್ನು ಓದಿ ಲೇತ್ ಅಥವಾ ಮಿಲ್ಲಿಂಗ್ ಯಂತ್ರದಲ್ಲಿ ಕೆಲಸ ಮಾಡುವವರು ಇನ್ನೊಂದೆಡೆ ಇರುವುದು ಸಾಮಾನ್ಯ. ಮರೆಯಾದ ಅಂಚಿನ ತುಂಡುಗೆರೆಯು ಅಖಂಡವಾಗಿ ಮುದ್ರಿತವಾದರೆ, ಕೆಳಬದಿಯಿಂದ ಕೊರೆಯಬೇಕಾದ ಕುರುಡು ತೂತು ಮೇಲ್ಬದಿಯದೆಂದು ತೋರಬಹುದು. ತಗಡಿನ ಕೆಲಸದಲ್ಲಿ ಬೇರೊಂದು ಅಪಾಯವಿದೆ. ತುಂಡುಗೆರೆಯು ಪರದೆಯ ಮೇಲೆ ತುಂಡಾಗಿ ಕಂಡರೂ ನಕ್ಷೆಯ ಕಡತದಲ್ಲಿ ಅದು ಒಂದೇ ಅಖಂಡ ರೇಖೆ. ಡಿಎಕ್ಸ್‌ಎಫ್ ಕಡತವನ್ನು ಲೇಸರ್ ಕತ್ತರಿಸುವ ಯಂತ್ರಕ್ಕೆ ಕೊಟ್ಟಾಗ ಯಂತ್ರದ ತಂತ್ರಾಂಶವು ಗೆರೆಮಾದರಿಯನ್ನು ಗಮನಿಸದೆ ರೇಖೆಯನ್ನಷ್ಟೇ ಓದಿದರೆ, ತಗಡನ್ನು ಮಡಿಸಬೇಕಾದ ಜಾಗದ ಗೆರೆಯುದ್ದಕ್ಕೂ ಕತ್ತರಿಸಿಬಿಡುತ್ತದೆ. ಆದ್ದರಿಂದ ಮಡಿಕೆಯ ಗೆರೆಗಳನ್ನು ಪ್ರತ್ಯೇಕ ಲೇಯರ್‌ನಲ್ಲಿಟ್ಟು, ಕತ್ತರಿಸುವ ಕಡತದಿಂದ ತೆಗೆದುಹಾಕುವುದು ಅವಶ್ಯಕ.

ಕರ್ನಾಟಕದಲ್ಲಿ ಕೈಗಾರಿಕಾ ತರಬೇತಿ ಸಂಸ್ಥೆಗಳ ಡ್ರಾಫ್ಟ್ಸ್‌ಮನ್ ಸಿವಿಲ್ ಮತ್ತು ಡ್ರಾಫ್ಟ್ಸ್‌ಮನ್ ಮೆಕ್ಯಾನಿಕಲ್ ವೃತ್ತಿಗಳು, ಡಿಪ್ಲೊಮಾ ತರಗತಿಗಳು ಹಾಗೂ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ಪದವಿ ತರಗತಿಗಳಲ್ಲಿ ಕ್ಯಾಡ್ ಮೂಲಕ ನಕ್ಷೆ ರಚನೆಯನ್ನು ಕಲಿಸಲಾಗುತ್ತದೆ.

ಇತರ ತಂತ್ರಾಂಶಗಳಲ್ಲಿ

ಲಿನ್ ಕಡತದ ಮಾದರಿಯು ಆಟೋಕ್ಯಾಡ್‌ಗೆ ಸೀಮಿತವಾಗಿಲ್ಲ. ಬ್ರಿಕ್ಸ್‌ಕ್ಯಾಡ್ ಮತ್ತು ಕ್ಯೂಕ್ಯಾಡ್ ತಂತ್ರಾಂಶಗಳೂ ಲಿನ್ ಕಡತಗಳನ್ನು ಬಳಸುತ್ತವೆ. ಮೈಕ್ರೋಸ್ಟೇಷನ್‌ನಲ್ಲಿ ಸ್ವಂತ ಗೆರೆಶೈಲಿಗಳು ಗೀಟುಗಳ ಮಾದರಿ, ಚಿಹ್ನೆಗಳ ಮಾದರಿ ಹಾಗೂ ಇವೆರಡರ ಸಂಯುಕ್ತ ಮಾದರಿ ಎಂಬ ಘಟಕಗಳಾಗಿ ಸಂಪನ್ಮೂಲ ಕಡತದಲ್ಲಿರುತ್ತವೆ. ಭೂಪಟ ರಚನೆಯ ಮುಕ್ತ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಗೀಟು ಮತ್ತು ತೆರಪುಗಳ ಉದ್ದವನ್ನು ಕೋಷ್ಟಕದಲ್ಲಿ ತುಂಬಿ ಮಾದರಿಯನ್ನು ರಚಿಸಬಹುದು. ಜಾಲಪುಟಗಳ ಚಿತ್ರರೂಪವಾದ ಎಸ್‌ವಿಜಿಯಲ್ಲಿಯೂ ಅಂಕಿಗಳ ಸರಣಿಯಿಂದಲೇ ತುಂಡುಗೆರೆ ಮೂಡುತ್ತದೆ. ಆದರೆ ಅಲ್ಲಿ ಋಣ ಸಂಖ್ಯೆಗಳಿರುವುದಿಲ್ಲ, ಗೀಟು ಮತ್ತು ತೆರಪುಗಳ ಉದ್ದವನ್ನು ಒಂದಾದ ಮೇಲೊಂದರಂತೆ ನೀಡಲಾಗುತ್ತದೆ.